ಕೈ ಒಣಗುವವರೆಗೆ

ಊಟವಾದ ಮೇಲೂ ಏಳದೆ ಕೂತೇ ಇರುವ ಒಂದು ಕೆಟ್ಟ ಅಭ್ಯಾಸ ನನಗೆ ಈಚೆಗೆ ಅಂಟಿಕೊಂಡಿದೆ. ಮಜ್ಜಿಗೆ ಅನ್ನ ಉಂಡು, ಬೆರಳು ನೆಕ್ಕಿ ಮುಗಿಸಿದ ಮೇಲೂ ಬಲಗೈಯನ್ನು ಹಾಗೇ ಬಿಟ್ಟುಕೊಂಡು ಕೂತುಬಿಡುತ್ತೇನೆ. ಬೆರಳ ಸಂದಿಯಲ್ಲಿ ಮಜ್ಜಿಗೆ ಒಣಗುತ್ತದೆ, ಚರ್ಮ ಬಿಗಿಯುತ್ತದೆ, ಆಮೇಲೆ ಬಿಳಿ ಬಿಳಿ ಪುಡಿ ಉದುರಲು ಶುರು. "ಎಂತ ಕೂತದ್ದು ಮಾರಾಯ್ರೆ? ಎಂಜಲು ಕೈ ಒಣಗಿಸ್ಬಾರ್ದು ಅಂತ ಊರಿನ ಮಕ್ಕಳಿಗೆಲ್ಲ ಹೇಳಿದವರು ನೀವೇ ಅಲ್ವಾ?" ಎಂದು ನನ್ನ ಹೆಂಡತಿ ಸುಮತಿ ಗದರುತ್ತಾಳೆ. ಅವಳಿಗೆ ಎಂಜಲು ಬಳಿಯಬೇಕು. ನನಗೆ ಏಳಲು ಮನಸ್ಸು ಬಾರದು. ವಯಸ್ಸಾಯಿತು ಎಂದುಕೊಳ್ಳಿ ಬೇಕಾದರೆ, ಮಂಡಿನೋವು ಎಂದುಕೊಳ್ಳಿ. ದಣಿವು ಎಂದರೆ ಹೆಚ್ಚು ಸರಿಯಾದೀತು.

ಈ ದಣಿವು ಶಾಲೆಯಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳಿ ಬಂದದ್ದಲ್ಲ. ಅದರಿಂದ ನಿವೃತ್ತನಾದ ಮೇಲೆ ಬಂದದ್ದು. ನಮ್ಮ ಐವರ್ನಾಡಿನಲ್ಲಿ ವರ್ಷಕ್ಕೊಮ್ಮೆ, ಅಡಿಕೆ ಕೊಯ್ಲಿನ ಗಡಿಬಿಡಿ ತಗ್ಗಿದ ಮೇಲೆ, ಶಾಲೆಯ ಸಭಾಂಗಣದಲ್ಲಿ ಒಂದು ಹಾಡಿನ ಹಬ್ಬ ನಡೆಯುತ್ತದೆ. ಊರ ಹಾಡು, ಪರವೂರ ಹಾಡು, ಸಿಕ್ಕಿದರೆ ಪರದೇಶದ ಹಾಡು. "ಮಾಷ್ಟ್ರಿಗೆ ಈಗ ಬೇರೆಂತ ಕೆಲಸ ಉಂಟು?" ಎಂದು ಸಮಿತಿಯವರು ಅದನ್ನು ನನ್ನ ಹೆಗಲಿಗೆ ಏರಿಸಿದರು. ನಾನು ಹಾಡುವವನಲ್ಲ. ಶಾಲೆಯ ಪ್ರಾರ್ಥನೆಗೆ ನಾನು ದನಿ ಸೇರಿಸಿದರೆ ಮಕ್ಕಳೇ ತಾಳ ತಪ್ಪುತ್ತಿದ್ದರು. ನನ್ನ ಕೆಲಸ ಯಾರು ಯಾವಾಗ ಹಾಡಬೇಕು ಎಂದು ಗೊತ್ತು ಮಾಡುವುದು. ಕೇಳಲಿಕ್ಕೆ ಎಷ್ಟು ಸುಲಭ ಅಲ್ಲವೇ? ಹಾಗೆ ಅಂದುಕೊಂಡೇ ನಾನೂ ತಲೆಯಾಡಿಸಿದ್ದು.

ಹಬ್ಬ ಹತ್ತಿರ ಬಂದರೆ ಫೋನು ಸುಮ್ಮನಿರುವುದಿಲ್ಲ. ಪಾಡ್ದನ ಹೇಳುವ ಹೆಂಗಸರು ತುಳುವಿನಲ್ಲಿ, ಸುಳ್ಯದ ತಂಡ ಅರೆಭಾಷೆಯಲ್ಲಿ, ಜಾಲ್ಸೂರಿನ ದಫ್ ತಂಡದ ಹಮೀದ್ ಬ್ಯಾರಿಯಲ್ಲಿ ಶುರುಮಾಡಿ ಕನ್ನಡದಲ್ಲಿ, ಗಡಿಯಾಚೆಯ ಕೋಲ್ಕಳಿಯವರು ಮಲೆಯಾಳದಲ್ಲಿ ಕೇಳುವುದು ಒಂದೇ ಪ್ರಶ್ನೆ. "ಮಾಷ್ಟ್ರೇ, ನಮ್ಮದು ಎಷ್ಟೊತ್ತಿಗೆ?" ಎಲ್ಲರಿಗೂ ಬೇಕಾದ ಹೊತ್ತೂ ಒಂದೇ: ಊಟಕ್ಕೆ ಸ್ವಲ್ಪ ಮೊದಲು. ಬೆಳಿಗ್ಗೆ ಮೊದಲು ಹಾಡಿದರೆ ಕೇಳುವುದು ಖಾಲಿ ಕುರ್ಚಿಗಳು. ಊಟದ ನಂತರ ಹಾಡಿದರೆ ಕೇಳುವವರು ಉಂಟು, ಆದರೆ ಅವರ ಗಲ್ಲ ಎದೆಗೆ ತಾಗಿರುತ್ತದೆ. ಹಾಗಾಗಿ ನಾನು ಎಲ್ಲ ಭಾಷೆಯವರಿಗೂ ಒಂದೇ ಉತ್ತರ ಕೊಡಲು ಕಲಿತೆ: "ನೋಡುವ." ನಮ್ಮ ಕಡೆ ಈ ಮಾತಿನಷ್ಟು ಉಪಕಾರಿ ಬೇರೊಂದಿಲ್ಲ. ಆಗುತ್ತದೆ ಎಂದೂ ಅಲ್ಲ, ಆಗುವುದಿಲ್ಲ ಎಂದೂ ಅಲ್ಲ.

ಕಳೆದ ವರ್ಷ ಗ್ಯಾಂಬಿಯಾ ದೇಶದ ಲಾಮಿನ್ ಎಂಬ ಹುಡುಗ ಬಂದಿದ್ದ. ಹುಡುಗ ಎಂದರೆ ನನಗೆ ಹುಡುಗ. ಊರಲ್ಲಿ ಅವನಿಗೆ ಇಬ್ಬರು ಮಕ್ಕಳು. ಕೊಚ್ಚಿಯಲ್ಲಿ ಬಾರಿಸಲು ಬಂದವನನ್ನು ಯಾರೋ ನಮ್ಮ ಕಡೆಗೆ ತಿರುಗಿಸಿದ್ದರು. ನಮ್ಮ ಮನೆಯಲ್ಲೇ ಉಳಿದಿದ್ದ. ಅವನ ವಾದ್ಯ ಕೋರಾ: ದೊಡ್ಡ ಒಣ ಕಾಯಿಯ ಬುರುಡೆಯನ್ನು ಅರ್ಧಕ್ಕೆ ಸೀಳಿ, ಚರ್ಮ ಬಿಗಿದು, ಉದ್ದಕ್ಕೂ ತಂತಿ ಕಟ್ಟಿದ್ದು. ಸುಮತಿ ಅದನ್ನು ತಟ್ಟಿ ನೋಡಿ, "ಇದು ಸೋರೆಯಾ ಕುಂಬಳವಾ? ಇಷ್ಟು ದೊಡ್ಡ ಜಾತಿಯ ಬೀಜ ಸಿಕ್ಕಿದ್ರೆ ಒಳ್ಳೇದಿತ್ತು" ಎಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಎರಡು ದಿನ ನಮ್ಮ ಜೊತೆ ಇದ್ದ ಲಾಮಿನ್ ಗಂಭೀರವಾಗಿ, "ನೋಡುವ" ಎಂದ.

ಯಾರ ಹಿಂದೆ ಯಾರು ಎಂಬುದನ್ನು ನಾನು ಸಂಗೀತದ ಪುಸ್ತಕ ಓದಿ ಕಲಿತದ್ದಲ್ಲ, ಊಟದ ಎಲೆ ನೋಡಿ ಕಲಿತದ್ದು. ಉಪ್ಪಿನಕಾಯಿಯ ಮೈಗೆ ಪಾಯಸ ತಾಗಬಾರದು. ಕಡಬದ ಡೋಲಿನವರು ಬಾರಿಸಿ ಇಳಿದ ಮೇಲೆ ಕಿವಿಯೊಳಗೆ ಸ್ವಲ್ಪ ಹೊತ್ತು ಬೇರೇನೂ ಹೋಗದು; ಅವರ ಬೆನ್ನಿಗೇ ಲಾಮಿನ್‌ನನ್ನು ಕೂರಿಸಿದರೆ ಪಾಪ, ಅವನ ಬೆರಳು ಆಡುವುದು ಕಂಡೀತೇ ಹೊರತು ಕೇಳೀತೇ? ನಡುವೆ ಮಂತ್ರಿಯೋ ಶಾಸಕರೋ ಬಂದರೆ ಒಂದು ಭಾಷಣ ಹಾಕಬಹುದು. ಕಿವಿಗೆ ವಿಶ್ರಾಂತಿ.

ಎಲೆಯ ಮಾತು ಬಂದಾಗ ದೊಡ್ಡಪ್ಪನನ್ನು ಬಿಡಲಾಗುವುದಿಲ್ಲ. ನಮ್ಮ ಮನೆಗಳಲ್ಲಿ ಮದುವೆ, ಮುಂಜಿ ಎಂದು ಜೆಂಬರವಾದರೆ ಅದರ ಊಟದಲ್ಲಿ ಒಂದು ಪದ್ಧತಿ. ಪಾಯಸ ಬಡಿಸುವ ಹೊತ್ತಿಗೆ ಪಂಕ್ತಿಯಲ್ಲಿ ಕೂತವರೊಬ್ಬರು ದೊಡ್ಡ ದನಿಯಲ್ಲಿ ದೇವರ ಸ್ತುತಿ ಹೇಳಬೇಕು. ಅದಕ್ಕೆ ಚೂರ್ಣಿಕೆ ಎನ್ನುವುದು. ಕೊನೆಗೆ ಎಲ್ಲರೂ "ಹರಹರ ಮಹಾದೇವ" ಎಂದು ದನಿಗೂಡಿಸಬೇಕು. ಅದು ಮುಗಿಯದೆ, ಕೊನೆಯ ಎಲೆಯವನ ಊಟ ಮುಗಿಯದೆ, ಒಬ್ಬನೂ ಏಳಬಾರದು. ದೊಡ್ಡಪ್ಪನಿಗೆ ಚೂರ್ಣಿಕೆಯ ಹುಚ್ಚು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಉಸಿರೆಳೆದು ಮತ್ತೊಂದಕ್ಕೆ ಕೈಹಾಕುತ್ತಿದ್ದರು. ನನ್ನಂಥ ಚಿಕ್ಕವರಿಗೆ ಕೈ ಒಣಗಿ ಅಂಟಾಗಿ, ಹೊರಗೆ ಹೋಗುವ ಅವಸರ ಬೇರೆ. ನಾನು ಮಿಸುಕಾಡಿದರೆ ಪಕ್ಕದಲ್ಲಿ ಕೂತ ಶಾರದಕ್ಕ ಎಡಗೈಯಲ್ಲಿ ತೊಡೆ ಚಿವುಟುತ್ತಿದ್ದಳು. "ಕೂತ್ಕೋ ಪುಟ್ಟ. ಹೇಳುವವರಿದ್ದಾರೆ, ಕಾಣುದಿಲ್ವಾ?" ಅವಳಿಗೆ ದೊಡ್ಡಪ್ಪ ಹೇಳಿದ್ದೆಲ್ಲ ಬಾಯಿಗೆ ಬರುತ್ತಿತ್ತು. ಹೆಣ್ಣುಮಕ್ಕಳಿಗೆ ಪಂಕ್ತಿಯಲ್ಲಿ ಹೇಳುವ ಪದ್ಧತಿ ಇರಲಿಲ್ಲವಾದ್ದರಿಂದ ಅವಳು ತುಟಿ ಮಾತ್ರ ಆಡಿಸುತ್ತಿದ್ದಳು.

ಶಾರದಕ್ಕ ನನ್ನ ಒಡಹುಟ್ಟಿದ ಅಕ್ಕ. ಕೊಟ್ಟದ್ದು ಪೆರಾಬೆಗೆ. ಕಳೆದ ವರ್ಷ ಹಬ್ಬಕ್ಕೆ ಮುಂಚೆ, ನಾನು ಜಗಲಿಯಲ್ಲಿ ಕಾರ್ಯಕ್ರಮಗಳನ್ನು ಹಿಂದೆ ಮುಂದೆ ಮಾಡುತ್ತ ತಲೆ ಕೆಡಿಸಿಕೊಂಡು ಕೂತಿದ್ದಾಗ ಬಸ್ಸಿಳಿದು ಬಂದಳು.

"ನಿನ್ನ ಹಬ್ಬದಲ್ಲಿ ನಂಗೊಂದು ಜಾಗ ಉಂಟಾ?" ಎಂದಳು.

"ಕೇಳುದೆಂತ? ಮುಂದಿನ ಸಾಲಲ್ಲೇ ಬಂದು ಕೂರು."

"ಕೂರ್ಲಿಕ್ಕಲ್ಲ ಮಾರಾಯ. ಹಾಡ್ಲಿಕ್ಕೆ."

ನಾನು ನಕ್ಕೆ. ಅವಳು ನಗಲಿಲ್ಲ. ಸೆರಗು ಸರಿಸಿ ಕುತ್ತಿಗೆಯ ಬುಡ ತೋರಿಸಿದಳು. ಅಡಿಕೆಯಷ್ಟು ದೊಡ್ಡ ಗಂಟು, ನುಂಗಿದಾಗ ಮೇಲೆ ಕೆಳಗೆ ಹೋಗುತ್ತಿತ್ತು.

"ಇದನ್ನು ತೆಗಿಬೇಕಂತೆ, ಮಂಗಳೂರಲ್ಲಿ. ತೆಗ್ದ ಮೇಲೆ ಸ್ವರ ಹೀಗೇ ಇರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ ಅಂದ್ರು ಡಾಕ್ಟ್ರು. ಇದ್ರೆ ಇತ್ತು, ಹೋದ್ರೆ ಹೋಯ್ತು. ನಾನು ಅದಕ್ಕೆ ಅಳುದಿಲ್ಲ. ಆದ್ರೆ ನೀನೇ ಹೇಳು ಪುಟ್ಟ, ಇಷ್ಟು ಮದುವೆಯಲ್ಲಿ ಶೋಭಾನೆ ಹಾಡಿದೆ ನಾನು. ಒಂದೇ ಒಂದು ಹಾಡನ್ನು ಯಾರಾದ್ರೂ ಮುಗಿಯುವವರೆಗೆ ಕೇಳಿದ್ದುಂಟಾ?"

ನಾನು ನೆನಪು ಮಾಡಿಕೊಂಡೆ. ನಿಜವೇ. ಮದುವೆಯಲ್ಲಿ ಹೆಂಗಸರು ಶೋಭಾನೆ ಹಾಡದಿದ್ದರೆ "ಹಾಡುವವರಿಲ್ವಾ?" ಎಂದು ಕೇಳುವವರು ಎಲ್ಲರೂ. ಹಾಡಲು ಶುರುಮಾಡಿದರೆ ಕೇಳುವವರು ಯಾರೂ ಇಲ್ಲ. ವಾಲಗದವನು ಊದುತ್ತಾನೆ, ಪುರೋಹಿತರು ಅವಸರ ಮಾಡುತ್ತಾರೆ, ವಿಡಿಯೋದವನು "ಅಮ್ಮ, ಸ್ವಲ್ಪ ಆಚೆ" ಎಂದು ಹಾಡುವವಳ ಭುಜ ಹಿಡಿದು ಸರಿಸುತ್ತಾನೆ. ಅಕ್ಕ ಮದುಮಗಳನ್ನು ಕಳಿಸಿಕೊಡುವಾಗ ಹಾಡುವ ಒಂದು ಹಾಡುಂಟು, ನಮ್ಮ ಅಜ್ಜಿಯಿಂದ ಬಂದದ್ದು. ಮದುಮಗಳು ಹೊಸಿಲಿಗೆ ಹೇಳಿ ಹೊರಡುತ್ತಾಳೆ, ಬಾವಿಗೆ ಹೇಳಿ ಹೊರಡುತ್ತಾಳೆ, ಹಟ್ಟಿಯ ದನಕ್ಕೆ ಹೇಳುತ್ತಾಳೆ. ದನದವರೆಗೆ ಬಂದಾಗ ಯಾವಾಗಲೂ ಕಾರಿನ ಹಾರ್ನ್ ಕೇಳುತ್ತದೆ, ಎಲ್ಲರೂ ಅಂಗಳಕ್ಕೆ ಇಳಿಯುತ್ತಾರೆ. ಅಲ್ಲಿಂದ ಮುಂದೆ ಆ ಹುಡುಗಿ ಯಾರಿಗೆ ಏನು ಹೇಳಿದಳೋ ನನಗೂ ಗೊತ್ತಿಲ್ಲ.

"ಕೊನೆಯ ನುಡಿ ಎಂತ ಅಕ್ಕ?" ಎಂದೆ.

"ಈಗ ಹೇಳುದಿಲ್ಲ. ಅಲ್ಲಿ ಬಂದು ಕೇಳು."

ನಾನು ಅವಳಿಗೆ ಊಟಕ್ಕೆ ಮುಂಚಿನ ಹೊತ್ತನ್ನೇ ಕೊಟ್ಟೆ. ಎಲ್ಲರೂ ಬಾಯಿಬಿಡುವ ಆ ಹೊತ್ತನ್ನು ಹಮೀದನ ದಫ್ ತಂಡಕ್ಕೆ ಇಟ್ಟಿದ್ದೆ. ಅವನಿಗೆ ಫೋನು ಮಾಡಿ ವಿಷಯ ಹೇಳಿದೆ. "ನಿಮ್ಮ ಅಕ್ಕನಿಗಾ? ಕೊಡಿ ಮಾಷ್ಟ್ರೇ. ನಾವು ಬೆಳಿಗ್ಗೆಯೇ ಬಾರಿಸ್ತೇವೆ. ಕುರ್ಚಿಗಳಿಗೆ ಬಾರಿಸಿ ನಮ್ಗೆ ಅಭ್ಯಾಸ ಉಂಟು. ಕುರ್ಚಿಗಳು ಎದ್ದು ಹೋಗುದಿಲ್ಲ, ಅದೊಂದು ಸಮಾಧಾನ." ಸಮಿತಿಯ ಕಾರ್ಯದರ್ಶಿ ಜಯಂತ ಅಷ್ಟು ಸುಲಭದಲ್ಲಿ ಬಿಡಲಿಲ್ಲ. "ಶೋಭಾನೆ ಮನೆಯೊಳಗೆ ಹೇಳುದಲ್ವಾ? ಸ್ಟೇಜಿಗೆಂತಕ್ಕೆ? ನಾಳೆ ಜನ, ಮಾಷ್ಟ್ರು ಅಕ್ಕನನ್ನು ತುರುಕಿದ್ರು ಅಂತಾರೆ" ಎಂದ. ಜನ ಹೇಳುವ ಮೊದಲು ಅವನೇ ಹೇಳಿದ್ದರಿಂದ ನನಗೆ ಉರಿದುಹೋಯಿತು. "ಹೇಳ್ಲಿ ಮಾರಾಯ. ಇಷ್ಟು ವರ್ಷ ಊರಿಗೆಲ್ಲ ಹೊತ್ತು ಹಂಚಿ ಹಂಚಿ ನನ್ನ ಕೂದಲು ಉದುರಿದೆ. ಅಕ್ಕನಿಗೆ ಒಂದು ತುಂಡು ಕೊಟ್ರೆ ಆಕಾಶ ಬೀಳ್ತದಾ?" ಎಂದೆ. ಜಯಂತ ನನ್ನ ತಲೆಯನ್ನೇ ನೋಡಿದ.

ಜಯಂತ ಕೆಟ್ಟವನಲ್ಲ. ಅವನಿಗೆ ಮೈಕಿನ ಮೇಲೆ ಪ್ರೀತಿ, ಅಷ್ಟೆ. ಅದಕ್ಕಿಂತ ಹೆಚ್ಚಿನ ಪ್ರೀತಿ ಅನ್ನದ ಮೇಲೆ. ನಮ್ಮ ಕಡೆ ಸಭೆಗೆ ಬಂದವರು ಹಾಡು ಕೇಳದೆ ಹೋದರೆ ಯಾರೂ ಬೇಸರಿಸುವುದಿಲ್ಲ. ಊಟ ಮಾಡದೆ ಹೋದರೆ ಊರಿಗೇ ಅವಮಾನ. ಇದನ್ನು ತಿಳಿದೂ ನಾನು ಅವನ ಕೈಗೆ ಒಂದು ಮೈಕು ಕೊಟ್ಟಿದ್ದೆ ನೋಡಿ.

ಹಬ್ಬದ ದಿನ ಅತಿಥಿಗಳ ಭಾಷಣ ಎಳೆಯಿತು. ಜಾನಪದ ಉಳಿಯಬೇಕು ಎಂದು ಅವರು ಎಷ್ಟು ಹೊತ್ತು ಹೇಳಿದರೆಂದರೆ ಹಾಡುವವರಿಗೆ ಹೊತ್ತೇ ಉಳಿಯಲಿಲ್ಲ. ಕೊನೆಗೂ ಅಕ್ಕ ವೇದಿಕೆ ಹತ್ತಿದಳು. ಮಗಳ ಮದುವೆಗೆ ತೆಗೆದ ಹಸಿರು ಸೀರೆ ಉಟ್ಟಿದ್ದಳು. ಕುತ್ತಿಗೆಯ ಗಂಟು ಕಾಣದ ಹಾಗೆ ಸೆರಗು ಹೊದ್ದಿದ್ದಳು. ಪುತ್ತೂರಿನಿಂದ ಬಂದ ಮೈಕಿನವನು ಮೈಕು ಎತ್ತರಿಸಿ ತಗ್ಗಿಸಿ ಸರಿಮಾಡಿದ. ಅವಳು ಕಣ್ಣು ಮುಚ್ಚಿ ಹೊಸಿಲಿನ ನುಡಿ ಎತ್ತಿಕೊಂಡಳು. ದನಿ ಸ್ವಲ್ಪ ನಡುಗಿ, ಆಮೇಲೆ ನೆಲೆ ಹಿಡಿಯಿತು. ಹಾಲ್ ತುಂಬ ಜನ, ಎಲ್ಲರ ಮುಖ ಅವಳ ಕಡೆ. ನನಗೆ ಅಬ್ಬ ಎನಿಸಿತು.

ಆಗ ಇನ್ನೊಂದು ಮೈಕಿನಲ್ಲಿ ಜಯಂತನ ಸ್ವರ, ಬಹಳ ಮೃದುವಾಗಿ, ಹಾಡಿಗೆ ತೊಂದರೆ ಆಗಬಾರದೆಂಬ ಕಾಳಜಿಯಿಂದ ಬಂತು. "ಊಟ ತಯಾರಾಗಿದೆ. ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕಾಗಿ ವಿನಂತಿ."

ಕುರ್ಚಿಗಳು ಕಿರ್ರೆಂದವು. ಮೊದಲು ಹಿಂದಿನ ಸಾಲು, ಆಮೇಲೆ ನಡುವಿನದು, ಆಮೇಲೆ ಅತಿಥಿಗಳು. ಮೊದಲ ಪಂಕ್ತಿ ತಪ್ಪಿದರೆ ಬಿಸಿಲಲ್ಲಿ ಕಾಯಬೇಕು ಎಂಬುದು ಎಲ್ಲರಿಗೂ ಗೊತ್ತು. ಅಕ್ಕ ಬಾವಿಯ ನುಡಿಯವರೆಗೆ ಬಂದು ಕಣ್ಣು ಬಿಟ್ಟಳು. ಎದುರಿಗೆ ಉಳಿದವರು ಹಮೀದ್, ಲಾಮಿನ್, ನಾನು. ಅವಳು ನಿಲ್ಲಿಸಿದಳು.

ನಾನು ಜಯಂತನ ಮೇಲೆ ಎಗರಿದೆ. ಅವನು ನಿಜವಾಗಿ ಗಾಬರಿಯಾದ. "ನಾನೆಂತ ಮಾಡಿದೆ ಮಾಷ್ಟ್ರೇ? ಅನ್ನ ಆರುದಿಲ್ವಾ?" ಎಂದ. "ಬರುವ ವರ್ಷದಿಂದ ನೀವೇ ನಡೆಸಿ. ನನ್ನಿಂದಾಗದು. ಸಾಕು" ಎಂದೆ. ಅಕ್ಕ ಮೆಟ್ಟಿಲಿಳಿದು ಬಂದು ನನ್ನ ತೋಳು ಹಿಡಿದಳು. "ಬಿಡು ಪುಟ್ಟ. ಹಸಿವಿನ ಎದುರು ಯಾವ ಹಾಡು ನಿಲ್ತದೆ? ಬಾ ಉಣ್ಣುವ" ಎಂದಳು. ಅವಳ ಗಲ್ಲ ನಡುಗುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ನಮ್ಮ ಹಬ್ಬದಲ್ಲಿ ನಿಂತು ಉಣ್ಣುವ ಬಫೆ ಇಲ್ಲ. ಅದೊಂದು ನನ್ನ ಹಠ. ಚಪ್ಪರದಡಿ ನೆಲದ ಮೇಲೆ ಉದ್ದಕ್ಕೆ ಪಂಕ್ತಿ, ಬಾಳೆಲೆ. ಕೂತು ಏಳುವಾಗ ಮಂಡಿ ಹಿಡಿದು ನನ್ನನ್ನು ಬೈಯುವವರು ಬಹಳ ಮಂದಿ. ಒಂದು ಮೂಲೆಯಲ್ಲಿ ನಾಲ್ಕು ಎಲೆ ಖಾಲಿ ಇದ್ದವು. ಅಕ್ಕ, ನಾನು, ಲಾಮಿನ್, ಹಮೀದ್ ಕೂತೆವು. ಸಾರು ಬಂತು, ಹುಳಿ ಬಂತು. ಲಾಮಿನ್ ಸಾರು ಎಲೆ ದಾಟಿ ಓಡದಂತೆ ಅನ್ನದ ಕಟ್ಟ ಕಟ್ಟಲು ಹೆಣಗುತ್ತಿದ್ದ. ಪಾಯಸದ ಬಾಲ್ದಿ ಬಂದಾಗ ಪಂಕ್ತಿಯ ತಲೆಯಲ್ಲಿ ಕೂತ ಹಿರಿಯರೊಬ್ಬರು ಹಳೆಯ ಅಭ್ಯಾಸದಿಂದ ಕೇಳಿದರು. "ಚೂರ್ಣಿಕೆ ಹೇಳುವವರು ಯಾರೂ ಇಲ್ವಾ?"

ಯಾರೂ ಇರಲಿಲ್ಲ. ದೊಡ್ಡಪ್ಪ ಹೋಗಿ ಕಾಲವಾಯಿತು. ಎಲ್ಲರೂ ಪಕ್ಕದವರ ಮುಖ ನೋಡಿದರು. ಆಗ ನನ್ನ ತೊಡೆಗೆ ಯಾರೋ ಚಿವುಟಿದರು.

"ಪುಟ್ಟ," ಎಂದಳು ಅಕ್ಕ ಮೆಲ್ಲಗೆ, "ಇವರಿಗೆ ಈಗ ಏಳ್ಲಿಕ್ಕಾಗುದಿಲ್ಲ ಅಲ್ವಾ?"

ನಾನು ಉತ್ತರ ಕೊಡುವ ಮೊದಲೇ ಅವಳು ಹೊಸಿಲಿನ ನುಡಿ ಎತ್ತಿಕೊಂಡಳು. ಮೈಕಿಲ್ಲ, ವೇದಿಕೆಯಿಲ್ಲ. ಎಂಜಲು ಕೈ ಎಲೆಯ ಮೇಲೆ, ಕಣ್ಣು ತೆರೆದೇ. ಮೊದಲು ಕೆಲವರು ತಿರುಗಿ ನೋಡಿದರು: ಹೆಂಗಸು ಹೇಳುತ್ತಿದ್ದಾಳೆ, ಅದೂ ಚೂರ್ಣಿಕೆಯಲ್ಲ. ಆ ಹಿರಿಯರು ಕಿವಿಗೆ ಕೈ ಇಟ್ಟು ಬಾಗಿದರು. ಅವರು ಸುಮ್ಮನಿದ್ದ ಮೇಲೆ ಬೇರೆಯವರು ಮಾತಾಡುವುದು ಹೇಗೆ? ಬಾವಿಯ ನುಡಿ ಬಂತು. ಪಾಯಸ ಮುಗಿದು, ಮಜ್ಜಿಗೆಯೂ ಮುಗಿಯಿತು. ಬೆರಳುಗಳು ಒಣಗಲು ಶುರುವಾದವು. ಹಿಂದೆ ಎರಡನೇ ಪಂಕ್ತಿಯವರು ಯಾವ ಎಲೆ ಖಾಲಿಯಾದೀತು ಎಂದು ಕಾದು ನಿಂತಿದ್ದರು, ಅವರೂ ಕೇಳಲೇಬೇಕಾಯಿತು. ಜಯಂತ ಕೈಯಲ್ಲಿ ಮೈಕು ಹಿಡಿದು ಬಂದ, ಎರಡನೇ ಪಂಕ್ತಿಯವರಿಗೆ ಏನೋ ವಿನಂತಿ ಮಾಡಲಿಕ್ಕೆ. ಹಮೀದ್ ಕೂತಲ್ಲಿಂದಲೇ ಎಡಗೈ ಚಾಚಿ ಅವನ ಪಂಚೆಯ ತುದಿ ಹಿಡಿದ. "ಸುಮ್ನಿರಿ ಮಾರಾಯ್ರೆ" ಎಂದ. ಜಯಂತ ಪಂಚೆಯ ಭಯಕ್ಕೆ ಅಲ್ಲೇ ನಿಂತ.

ದನದ ನುಡಿ ದಾಟಿತು. ಯಾವ ಕಾರೂ ಹಾರ್ನ್ ಮಾಡಲಿಲ್ಲ. ಮೇಲಿನ ಸ್ವರದಲ್ಲಿ ಅಕ್ಕನ ದನಿ ಎರಡು ಸಲ ಒಡೆಯಿತು. ಅವಳು ನಿಲ್ಲಿಸಲಿಲ್ಲ, ಸ್ವಲ್ಪ ಕೆಳಗಿಂದ ಹಿಡಿದು ಮುಂದೆ ಹೋದಳು. ಕೊನೆಯ ನುಡಿ ಬಂತು. ಅದರಲ್ಲಿ ಮದುಮಗಳು ತಮ್ಮನ ಹತ್ತಿರ ಮಾತಾಡುತ್ತಾಳೆ. ತೋಡಿನ ನೀರು ದಾಟುವ ಮರದ ಸಂಕದವರೆಗೆ ನನ್ನ ಜೊತೆ ಬಾ ತಮ್ಮ, ಸಂಕ ದಾಟಿದ ಮೇಲೆ ದಾರಿ ನನಗೆ ಗೊತ್ತುಂಟು, ನೀನು ಹೆದರಬೇಡ ಎನ್ನುತ್ತಾಳೆ. ಅಷ್ಟೇ. ಇಷ್ಟು ವರ್ಷ ಅವಳು ನನ್ನ ಪಕ್ಕದಲ್ಲೇ ಹಾಡುತ್ತಿದ್ದ ಹಾಡಿನ ತುದಿಯಲ್ಲಿ ನಾನೇ ನಿಂತಿದ್ದೆ. ನನಗೆ ಅಳು ಬಂತು. ಬಲಗೈ ಎಂಜಲು, ಕಣ್ಣೊರೆಸಲು ಎಡಗೈ ಸಾಲಲಿಲ್ಲ.

ಹಾಡು ಮುಗಿದಾಗ "ಹರಹರ ಮಹಾದೇವ" ಎನ್ನಲು ಯಾರಿಗೂ ನೆನಪಾಗಲಿಲ್ಲ. ಇಡೀ ಪಂಕ್ತಿ ಒಣಗಿದ ಕೈ ಮುಂದಿಟ್ಟುಕೊಂಡು ಕೂತೇ ಇತ್ತು. ಅಕ್ಕನಿಗೇ ನಾಚಿಕೆಯಾಯಿತು. "ಇನ್ನು ಏಳಿ ಮಾರಾಯ್ರೆ. ಕೈ ಒಣಗಿತು" ಎಂದಳು.

ಆಮೇಲಿನ ವಾರ ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋದೆವು. ಭಾವ ಔಷಧಿ ತರಲು ಕೆಳಗೆ ಹೋಗಿದ್ದರು. ಆಪರೇಷನ್ ಕೋಣೆಯ ಬಾಗಿಲವರೆಗೆ ಗಾಲಿ ಮಂಚದ ಜೊತೆ ನಾನು ನಡೆದೆ. ನರ್ಸ್ ನನ್ನನ್ನು ತಡೆದಾಗ ಅಕ್ಕ ನನ್ನ ಮುಖ ನೋಡಿ, "ಇಲ್ಲಿವರೆಗೆ ಬಂದ್ಯಲ್ಲ, ಸಾಕು" ಎಂದಳು. ಆ ದನಿಯಲ್ಲಿ ಅವಳಾಡಿದ ಕೊನೆಯ ಮಾತು ಅದು.

ಗಂಟು ಹೋಯಿತು. ಅದು ಕೆಟ್ಟ ಗಂಟಲ್ಲ ಎಂದು ಡಾಕ್ಟರು ಹೇಳಿದಾಗ ಎಲ್ಲರೂ ಉಸಿರು ಬಿಟ್ಟೆವು. ದನಿ ಮಾತ್ರ ತಿರುಗಿ ಬರಲಿಲ್ಲ. ಈಗ ಅವಳು ಮಾತಾಡಿದರೆ ಗಾಳಿ ಹೆಚ್ಚು, ಸ್ವರ ಕಡಿಮೆ. ಫೋನಿನಲ್ಲಿ ಕೇಳುವುದೇ ಇಲ್ಲ. ಅದಕ್ಕೇ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದುಬಿಡುತ್ತಾಳೆ. ನುಂಗುವುದು ನಿಧಾನವಾಗಿದೆ, ಆದ್ದರಿಂದ ಊಟವೂ ನಿಧಾನ.

ಮೊನ್ನೆ ಬಂದಿದ್ದಳು. ಸುಮತಿ ಪಾಯಸ ಮಾಡಿದ್ದಳು, ಜಗಲಿಯಲ್ಲಿ ಎಲೆ ಹಾಕಿದ್ದಳು. ಊಟದ ನಡುವೆಯೇ ಜಯಂತ ಫೋನು ಮಾಡಿದ. "ಮಾಷ್ಟ್ರೇ, ಈ ಸಲದ ಹಬ್ಬ ಎಂತ ಮಾಡುದು? ಜನ ಕೇಳ್ತಾ ಇದ್ದಾರೆ, ಈ ವರ್ಷ ಪಂಕ್ತಿಯಲ್ಲಿ ಯಾರು ಹಾಡುದು ಅಂತ." ಸಾಕಾಗಿದೆ ಮಾರಾಯ, ಬೇರೆ ಯಾರನ್ನಾದರೂ ನೋಡಿ ಎಂದು ಹೇಳಲು ಬಾಯಿ ತೆರೆದೆ. "ನೋಡುವ" ಎಂದು ಫೋನು ಇಟ್ಟೆ.

ನನ್ನ ಊಟ ಆಗಿಹೋಗಿತ್ತು. ಕೈ ಬಿಗಿಯುತ್ತಿತ್ತು. ಸುಮತಿ ಒಳಗಿನಿಂದ ಒಮ್ಮೆ ಇಣುಕಿ ಗದರದೆ ಹಿಂದೆ ಹೋದಳು. ಅಕ್ಕ ತಲೆ ಎತ್ತಿ ನನ್ನ ಕೈ ನೋಡಿದಳು. ತುಟಿ ಆಡಿತು, ಹತ್ತಿರ ಕೂತದ್ದರಿಂದ ನನಗೆ ಕೇಳಿತು.

"ಏಳು ಪುಟ್ಟ. ಹಾಡು ಮುಗ್ದು ವರ್ಷ ಆಯ್ತು."

ಅವಳ ಎಲೆಯಲ್ಲಿ ಇನ್ನೂ ಒಂದೆರಡು ತುತ್ತು ಮಜ್ಜಿಗೆ ಅನ್ನ ಇತ್ತು. ನಾನು ಏಳಲಿಲ್ಲ.